ಮಾತನಾಡುವ ಪುಟ್ಟ ಗಣಕಯಂತ್ರ: ಸಿಂಪ್ಯೂಟರಿನಿಂದ ತಕ್ಕಡಿಯ ಮೇಜಿನವರೆಗೆ

ವ್ಯಾಪಾರದಲ್ಲಿ ದರವೆಂಬುದು ಒಂದು ಕಾಲಕ್ಕೆ ಕಿವಿಗೆ ಬೀಳುತ್ತಿದ್ದ ಸಂಗತಿ. ದನಗಳ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸಿದ ಬೆಲೆಯೂ ಕೊನೆಗೆ ಬಾಯಿಂದ ಹೊರಬಿದ್ದ ಮೇಲೆಯೇ ಖಾಯಂ ಆಗುತ್ತಿತ್ತು. ಮಂಡಿಗಳಲ್ಲಿ ಹರಾಜು ಕೂಗುವವರ ಧ್ವನಿಯೇ ದರಪಟ್ಟಿಯಾಗಿತ್ತು. ಈಚಿನ ವರ್ಷಗಳಲ್ಲಿ ಈ ಚಿತ್ರ ಬದಲಾಗಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಂತಹ ದೊಡ್ಡ ಮಾರುಕಟ್ಟೆಗಳಿಗೆ ವಿದ್ಯುನ್ಮಾನ ಹರಾಜು ಮತ್ತು ವಿದ್ಯುನ್ಮಾನ ತೂಕ ಬಂದಿವೆ. ದರ ಈಗ ಪರದೆಯ ಮೇಲೆ ಮೂಡುತ್ತದೆ, ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಪಾರದರ್ಶಕತೆಯ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಮುನ್ನಡೆ. ಆದರೆ ಓದಲು ಬಾರದ ಬೆಳೆಗಾರ, ಕನ್ನಡಕ ಮರೆತು ಬಂದ ಹಿರಿಯ, ದೃಷ್ಟಿ ಮಂದವಾದ ವರ್ತಕ, ಇವರೆಲ್ಲರೂ ಪಕ್ಕದಲ್ಲಿ ನಿಂತವರನ್ನು "ಎಷ್ಟಾಯಿತು, ಸ್ವಲ್ಪ ನೋಡಿ ಹೇಳಪ್ಪ" ಎಂದು ಕೇಳುವ ಸ್ಥಿತಿಯಲ್ಲಿದ್ದಾರೆ. ತನ್ನ ಮಾಲಿನ ತೂಕವನ್ನು ಮತ್ತೊಬ್ಬರ ಬಾಯಿಂದ ತಿಳಿಯಬೇಕಾದವನ ಮನಸ್ಸಿನಲ್ಲಿ ಸಂಶಯಕ್ಕೆ ಎಡೆ ಇದ್ದೇ ಇರುತ್ತದೆ.

ಈ ಕೊರತೆಯನ್ನು ತುಂಬುವ ಉಪಾಯವನ್ನು ವರ್ತಕ ಸಮುದಾಯ ಈಗಾಗಲೇ ಕಣ್ಣಾರೆ ಕಂಡಿದೆ. 2016ರಲ್ಲಿ ಯುಪಿಐ ಪಾವತಿ ಪದ್ಧತಿ ಜಾರಿಗೆ ಬಂದ ನಂತರದ ವರ್ಷಗಳಲ್ಲಿ ಕಿರಾಣಿ ಅಂಗಡಿಯಿಂದ ಎಳನೀರಿನ ಗಾಡಿಯವರೆಗೆ ಪುಟ್ಟದೊಂದು ಪೆಟ್ಟಿಗೆ ಬಂದು ಕುಳಿತಿತು. ಹಣ ಜಮೆಯಾದೊಡನೆ ಮೊತ್ತವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಈ ಪೆಟ್ಟಿಗೆಯನ್ನು ಯಾರೂ ಗಣಕಯಂತ್ರವೆಂದು ಕರೆಯುವುದಿಲ್ಲ. ಆದರೂ ಅದು ಮಾಡುವ ಕೆಲಸ ಗಣಕಯಂತ್ರದ್ದೇ. ಕೈಗೆ ಬಿಡುವಿಲ್ಲದ ವ್ಯಾಪಾರಿಗೆ ಕಿವಿಯ ಮೂಲಕ ಮಾಹಿತಿ ತಲುಪಿಸಿದರೆ ಎಷ್ಟು ಅನುಕೂಲವೆಂಬುದನ್ನು ಅದು ತೋರಿಸಿಕೊಟ್ಟಿದೆ. ಜಮೆಯಾದ ಹಣವನ್ನು ಹೇಳಬಲ್ಲ ಯಂತ್ರ ತೂಕವನ್ನು, ಲಾಟಿನ ಸಂಖ್ಯೆಯನ್ನು, ದರವನ್ನು ಏಕೆ ಹೇಳಬಾರದು? ಅಂತಹ ವ್ಯವಸ್ಥೆಯನ್ನು ಅಲ್ಪ ವೆಚ್ಚದಲ್ಲಿ ಸ್ವತಃ ರೂಪಿಸಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಮೊದಲು ಎದುರಾಗುವುದು ನಂದಿಬೆಟ್ಟದಿಂದ ಅರವತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ನಡೆದ ಒಂದು ಮಹತ್ವದ ಪ್ರಯತ್ನ.

ಬೆಂಗಳೂರಿನ ಸಿಂಪ್ಯೂಟರ್

1998ರ ಅಕ್ಟೋಬರಿನಲ್ಲಿ ಬೆಂಗಳೂರಿನ ಐಟಿ ಮೇಳದ ಅಂಗವಾಗಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ಅಂತಾರಾಷ್ಟ್ರೀಯ ವಿಚಾರ ಸಂಕಿರಣವೊಂದು ನಡೆಯಿತು. ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಗಣಕಯಂತ್ರವೊಂದು ಬೇಕೆಂಬ ಆಲೋಚನೆ ಮೊಳೆತದ್ದು ಅಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಲಾಭರಹಿತ ಸಿಂಪ್ಯೂಟರ್ ಟ್ರಸ್ಟನ್ನು ನೋಂದಾಯಿಸಿದರು. ಸರಳ, ಅಗ್ಗದ, ಬಹುಭಾಷಾ ಜನಗಣಕ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಯಂತ್ರಕ್ಕೆ ಸಿಂಪ್ಯೂಟರ್ ಎಂದು ಹೆಸರಿಡಲಾಯಿತು. 2001ರ ಏಪ್ರಿಲ್ 25ರಂದು ಅದರ ಮಾದರಿ ಲೋಕದ ಮುಂದೆ ಬಂದಿತು.

ಅಂಗೈಯಗಲದ ಆ ಯಂತ್ರದಲ್ಲಿ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಕಪ್ಪು-ಬಿಳುಪಿನ ಸ್ಪರ್ಶಪರದೆ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದ್ದವು. ಅದರ ಖಾಯಂ ನೆನಪುಕೋಶದ ಪ್ರಮಾಣ ಮೆಗಾಬೈಟಿನ ಲೆಕ್ಕದಲ್ಲಿ ಕೆಲವು ಹತ್ತುಗಳು ಮಾತ್ರ. ಇಂದಿನ ಮೊಬೈಲಿನ ನಾಲ್ಕಾರು ಚಿತ್ರಗಳಿಗೆ ಬೇಕಾಗುವಷ್ಟು ಜಾಗವದು. ಒಂದೇ ಯಂತ್ರವನ್ನು ಇಡೀ ಗ್ರಾಮ ಹಂಚಿಕೊಂಡು ಬಳಸಲಿ ಎಂಬ ಉದ್ದೇಶದಿಂದ ಸ್ಮಾರ್ಟ್‌ಕಾರ್ಡ್ ತೂರಿಸುವ ಕಿಂಡಿಯನ್ನು ಒದಗಿಸಲಾಗಿತ್ತು. ಪ್ರತಿಯೊಬ್ಬರ ವಿವರ ಅವರವರ ಕಾರ್ಡಿನಲ್ಲಿ ಉಳಿಯುತ್ತಿತ್ತು, ಯಂತ್ರ ಎಲ್ಲರದ್ದಾಗಿರುತ್ತಿತ್ತು.

ಅಕ್ಷರ ಬಾರದವರಿಗೆ ಯಂತ್ರ ಉಪಯೋಗಕ್ಕೆ ಬರಬೇಕಾದರೆ ಅದು ಮಾತನಾಡಲೇಬೇಕಲ್ಲವೇ? ಈ ಅಗತ್ಯದಿಂದ ಹುಟ್ಟಿದ್ದು 'ಧ್ವನಿ' ಎಂಬ ತಂತ್ರಾಂಶ. ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಸಿದ್ಧವಾದ ಇದು ಆರಂಭದಲ್ಲಿ ಹಿಂದಿ ಮತ್ತು ಕನ್ನಡ ಪಠ್ಯಗಳನ್ನು ಓದಿ ಹೇಳುತ್ತಿತ್ತು. ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಕಾರಣ ಮುಂದೆ ಕೇರಳದ ಸಂತೋಷ್ ತೊಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಮಲಯಾಳ, ತೆಲುಗು, ತಮಿಳು ಮೊದಲಾದ ಭಾಷೆಗಳಿಗೆ ವಿಸ್ತರಿಸಿದರು.

2004ರ ಏಪ್ರಿಲ್‌ನಲ್ಲಿ ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಆರಂಭಿಕ ಮಾದರಿಗೆ ಸುಮಾರು 10 ಸಾವಿರ ರೂಪಾಯಿ, ವರ್ಣಪರದೆಯ ಮಾದರಿಗೆ ಸುಮಾರು 20 ಸಾವಿರ ರೂಪಾಯಿ ಬೆಲೆಯಿತ್ತು. ಆದರೆ ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರದೆ ಕೆಲವೇ ಸಾವಿರಗಳಲ್ಲಿ ನಿಂತಿತು. ಇದಕ್ಕೆ ಕಾರಣಗಳನ್ನು ಲೆಕ್ಕಪತ್ರದ ಭಾಷೆಯಲ್ಲಿಯೇ ಹೇಳಬಹುದು. ಬಿಡಿಭಾಗಗಳ ಬೆಲೆ ಇಳಿಯಬೇಕಾದರೆ ತಯಾರಿಕೆಯ ಸಂಖ್ಯೆ ಏರಬೇಕು; ಸಂಖ್ಯೆ ಏರಬೇಕಾದರೆ ಬೆಲೆ ಇಳಿಯಬೇಕು. ಈ ವೃತ್ತವನ್ನು ಮುರಿಯುವ ದೊಡ್ಡ ಬೇಡಿಕೆ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಮನೆಮನೆಗೆ ಬಂದಿತು. ಹತ್ತು ಕೆಲಸ ಮಾಡಬಲ್ಲ ಹೊಸ ಯಂತ್ರಕ್ಕಿಂತ, ತನಗೆ ಖಚಿತವಾಗಿ ಬೇಕಾದ ಒಂದು ಕೆಲಸ ಮಾಡುವ ಯಂತ್ರಕ್ಕೆ ಗ್ರಾಹಕ ಹಣ ಕೊಡುತ್ತಾನೆ ಎಂಬ ಹಳೆಯ ವ್ಯಾಪಾರಸೂತ್ರ ಇಲ್ಲಿಯೂ ನಿಜವಾಯಿತು. ಸಿಂಪ್ಯೂಟರ್ ಹಿಂದೆ ಸರಿಯಿತು. ಆದರೆ ಅಗ್ಗದ ಯಂತ್ರದ ಬಾಯಲ್ಲಿ ಕನ್ನಡ ನುಡಿಸಬಹುದೆಂಬುದನ್ನು ಅದು ಸಾಧಿಸಿ ತೋರಿಸಿತ್ತು.

ಅಕ್ಷರ ಧ್ವನಿಯಾಗುವ ಬಗೆ

ಬರಹವನ್ನು ಮಾತಾಗಿಸುವ ತಂತ್ರಾಂಶಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳುಂಟು. ಮೊದಲನೆಯದು ತುಣುಕು ಜೋಡಣೆ. ವ್ಯಕ್ತಿಯೊಬ್ಬರ ಧ್ವನಿಯಲ್ಲಿ ಸ್ವರ, ವ್ಯಂಜನ ಮತ್ತು ಅವುಗಳ ಸಂಯೋಗಗಳನ್ನು ಮುದ್ರಿಸಿಕೊಂಡು, ಪದ ಬಂದಾಗ ಬೇಕಾದ ತುಣುಕುಗಳನ್ನು ಪೋಣಿಸುವುದು. 'ಧ್ವನಿ' ತಂತ್ರಾಂಶ ಈ ಬಗೆಯದು. ಸಿಂಪ್ಯೂಟರಿನ ಸಂಸ್ಕಾರಕದಲ್ಲಿ ದಶಾಂಶ ಗಣಿತಕ್ಕೆ ಪ್ರತ್ಯೇಕ ಘಟಕವಿರಲಿಲ್ಲ. ಭಾರೀ ಲೆಕ್ಕಾಚಾರವನ್ನು ತಪ್ಪಿಸಿ, ತುಣುಕುಗಳನ್ನು ಮೊಬೈಲ್ ದೂರವಾಣಿಯ ಪದ್ಧತಿಯಲ್ಲಿ ಸಂಕುಚಿಸಿ ಇಡುವುದೇ ಅಲ್ಲಿ ಜಾಣತನವಾಗಿತ್ತು.

ಎರಡನೆಯದರಲ್ಲಿ ಯಾರ ಧ್ವನಿಯ ಮುದ್ರಣವೂ ಮುಖ್ಯವಲ್ಲ. ಮನುಷ್ಯನ ಗಂಟಲು ಮತ್ತು ಬಾಯಿಯಲ್ಲಿ ಸ್ವರಗಳು ಅನುರಣಿಸುವ ಕ್ರಮವನ್ನು ಗಣಿತದಿಂದ ಅನುಕರಿಸಲಾಗುತ್ತದೆ. ಜೊನಾಥನ್ ಡಡಿಂಗ್ಟನ್ ಎಂಬುವರು 1995ರಲ್ಲಿ ಬ್ರಿಟನ್ನಿನ ಏಕಾರ್ನ್ ಗಣಕಯಂತ್ರಗಳಿಗಾಗಿ ಬರೆಯತೊಡಗಿದ ತಂತ್ರಾಂಶವೇ ಮುಂದೆ 'ಇ-ಸ್ಪೀಕ್' ಆಯಿತು. 2015ರ ಕೊನೆಯಲ್ಲಿ ಅದರಿಂದ ಕವಲೊಡೆದ 'ಇ-ಸ್ಪೀಕ್ ಎನ್‌ಜಿ' ಕನ್ನಡ, ತೆಲುಗು ಸೇರಿದಂತೆ ನೂರಕ್ಕೂ ಹೆಚ್ಚು ಭಾಷೆಗಳನ್ನು ಕೆಲವೇ ಮೆಗಾಬೈಟುಗಳಲ್ಲಿ ಅಡಗಿಸಿಕೊಂಡಿದೆ. ಅಂಧರು ಬಳಸುವ ಎನ್‌ವಿಡಿಎ ಎಂಬ ಉಚಿತ ಪರದೆವಾಚಕದಲ್ಲಿಯೂ ಇದೇ ಧ್ವನಿಯಿದೆ. ಧ್ವನಿ ಯಾಂತ್ರಿಕ, ಮಾಧುರ್ಯ ಕಡಿಮೆ. ಆದರೆ ಉಚ್ಚಾರ ಸ್ಪಷ್ಟ, ವೇಗ ಹೆಚ್ಚು, ಅಂತರಜಾಲದ ಅಗತ್ಯವಿಲ್ಲ.

ಮೂರನೆಯದು ಕೃತಕ ಬುದ್ಧಿಮತ್ತೆಯಿಂದ ಕಲಿತ ಧ್ವನಿ. ಮದರಾಸು ಐಐಟಿಯ ಎಐ4ಭಾರತ್ ಮತ್ತು 2022ರ ಜುಲೈನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಗಳ ಮೂಲಕ ಕನ್ನಡಕ್ಕೂ ಇಂತಹ ಸಹಜ ಧ್ವನಿಗಳು ಒದಗಿವೆ. ಇವಕ್ಕೆ ಹೆಚ್ಚಿನ ಗಣನಶಕ್ತಿ ಬೇಕು. ಆದಾಗ್ಯೂ, "ದಯವಿಟ್ಟು ಸಾಲಿನಲ್ಲಿ ಬನ್ನಿ" ಎಂಬಂತಹ ಬದಲಾಗದ ವಾಕ್ಯಗಳನ್ನು ದೊಡ್ಡ ಯಂತ್ರದಲ್ಲಿ ಒಮ್ಮೆ ತಯಾರಿಸಿ, ಪುಟ್ಟ ಯಂತ್ರದಲ್ಲಿ ಕಡತವಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಸಂಖ್ಯೆಗಳೇ ನಿಜವಾದ ಪರೀಕ್ಷೆ

ಕನ್ನಡ ಬರೆದಂತೆ ಓದುವ ಭಾಷೆಯಾದ್ದರಿಂದ ಯಂತ್ರಕ್ಕೆ ಅಕ್ಷರಗಳ ತೊಡಕು ಕಡಿಮೆ. ಹಿಂದಿಯಲ್ಲಿ ಪದದ ಕೊನೆಯ ಅಕಾರ ಲೋಪವಾಗುವ ನಿಯಮವನ್ನು ಕಲಿಸಬೇಕು. ಕನ್ನಡದಲ್ಲಿ ಆ ಕಷ್ಟವಿಲ್ಲ. ಕಷ್ಟವಿರುವುದು ವ್ಯಾಪಾರಿಗೆ ಅತ್ಯಂತ ಮುಖ್ಯವಾದ ಜಾಗದಲ್ಲಿ, ಅಂದರೆ ಸಂಖ್ಯೆಗಳಲ್ಲಿ.

200 ಎಂಬುದು ಎರಡುನೂರಲ್ಲ, ಇನ್ನೂರು. 300 ಮುನ್ನೂರು, 500 ಐನೂರು, 900 ಒಂಬೈನೂರು. ಮುಂದೆ ಮತ್ತೊಂದು ಸಂಖ್ಯೆ ಬಂದರೆ ನೂರು ನೂರ ಆಗಬೇಕು, ಸಾವಿರ ಸಾವಿರದ ಆಗಬೇಕು. 1,25,000 ಎಂಬುದನ್ನು ಲಕ್ಷದ ಲೆಕ್ಕದಲ್ಲಿ ಓದಬೇಕೇ ಹೊರತು ಪಾಶ್ಚಾತ್ಯ ಕ್ರಮದಲ್ಲಿ ಅಲ್ಲ. ಮೊಬೈಲ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಬೇಕು. ರೂ., ಕಿ.ಗ್ರಾಂ. ಮೊದಲಾದ ಸಂಕ್ಷೇಪಗಳನ್ನು ಬಿಡಿಸಿ ಓದಬೇಕು.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ಇಪ್ಪತ್ತು ಮತ್ತು ಎಪ್ಪತ್ತು ಎಂಬ ಎರಡು ಪದಗಳನ್ನು ಗದ್ದಲದ ಮಾರುಕಟ್ಟೆಯಲ್ಲಿ ನಿಂತು ಕೇಳಿನೋಡಬೇಕು. ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಸ್ವರ ಮಾತ್ರ. ಗೂಡಿನ ದರ ಕಿಲೋಗೆ 520 ರೂಪಾಯಿ ಎಂದು ಯಂತ್ರ ಹೇಳಿದ್ದನ್ನು ರೈತ 570 ಎಂದು ಕೇಳಿಸಿಕೊಂಡನೆಂದು ಭಾವಿಸೋಣ. 80 ಕಿಲೋ ಲಾಟಿಗೆ ಈ ಒಂದು ಸ್ವರದ ಬೆಲೆ 4,000 ರೂಪಾಯಿ. ಹಣ ಕೈಗೆ ಬಂದಾಗ ಜಗಳ ಆರಂಭವಾಗುತ್ತದೆ. ಸಂಶಯ ನಿವಾರಿಸಲೆಂದು ತಂದ ಯಂತ್ರವೇ ಸಂಶಯಕ್ಕೆ ಮೂಲವಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಯಂತ್ರದ ಮಾತಿಗೂ ಅನ್ವಯಿಸುತ್ತದೆ.

ಪರಿಹಾರ ಸರಳವಾಗಿದೆ. ಮೊತ್ತವನ್ನು ಎರಡು ಬಗೆಯಲ್ಲಿ ಹೇಳಿಸಬೇಕು: ಮೊದಲು ಐನೂರ ಇಪ್ಪತ್ತು ರೂಪಾಯಿ, ಬಳಿಕ ಬಿಡಿ ಅಂಕಿಗಳಲ್ಲಿ ಐದು, ಎರಡು, ಸೊನ್ನೆ. ಎರಡು ಮತ್ತು ಏಳು ಪರಸ್ಪರ ಗೊಂದಲವಾಗುವ ಪದಗಳಲ್ಲ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿ ಹಾಗೂ ಅಕ್ಷರ ಎರಡರಲ್ಲಿಯೂ ಬರೆಯುವ ಪದ್ಧತಿಯ ಹಿಂದಿರುವ ವಿವೇಕವೇ ಇಲ್ಲಿಯದೂ.

ಯಾಂತ್ರಿಕ ಧ್ವನಿ ಗ್ರಾಹಕರಿಗೆ ಹಿಡಿಸದಿದ್ದಲ್ಲಿ ಸ್ವತಃ ಧ್ವನಿಮುದ್ರಣ ಮಾಡಿಕೊಳ್ಳಬಹುದು. ಒಂದರಿಂದ ತೊಂಬತ್ತೊಂಬತ್ತರವರೆಗಿನ 99 ಪದಗಳು, ನೂರರಿಂದ ಒಂಬೈನೂರರವರೆಗೆ ತಲಾ ಎರಡು ರೂಪದಂತೆ 18, ಸಾವಿರ ಮತ್ತು ಲಕ್ಷಗಳ ತಲಾ ಎರಡು ರೂಪಗಳಂತೆ 4, ಸೊನ್ನೆ 1, ರೂಪಾಯಿ, ಪೈಸೆ, ಕಿಲೋ, ಗ್ರಾಂ ಎಂಬ 4. ಒಟ್ಟು 126 ತುಣುಕುಗಳಿದ್ದರೆ ಕೋಟಿಯೊಳಗಿನ ಯಾವ ಮೊತ್ತವನ್ನಾದರೂ ಹೇಳಿಸಬಹುದು. ಒಂದು ಮಧ್ಯಾಹ್ನದ ಕೆಲಸವಿದು. ಚಿಂತಾಮಣಿ, ಗೌರಿಬಿದನೂರು ಕಡೆಯ ಮಂಡಿಗಳಲ್ಲಿ ಕನ್ನಡದಷ್ಟೇ ತೆಲುಗೂ ನಡೆಯುವುದರಿಂದ ತೆಲುಗಿನ ಮತ್ತೊಂದು ಸರಣಿಯನ್ನೂ ಸಿದ್ಧಪಡಿಸಿಕೊಳ್ಳುವುದು ಲೇಸು. ಸಿಬ್ಬಂದಿಯೊಬ್ಬರ ಧ್ವನಿಯನ್ನು ಬಳಸುವುದಾದರೆ ಅವರಿಂದ ಲಿಖಿತ ಒಪ್ಪಿಗೆ ಪಡೆದಿರಬೇಕು.

ಇಂದಿನ ಅಗ್ಗದ ಯಂತ್ರ

2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ 'ರಾಸ್ಪ್‌ಬೆರಿ ಪೈ' ಎಂಬ ಗಣಕಯಂತ್ರ 35 ಡಾಲರಿಗೆ ಬಿಡುಗಡೆಯಾಯಿತು. ಶಾಲಾ ಮಕ್ಕಳಿಗೆ ಗಣಕ ವಿದ್ಯೆ ಕಲಿಸಲೆಂದು ರೂಪಿಸಿದ, ಗುರುತಿನ ಚೀಟಿಯಷ್ಟು ಅಗಲದ ಈ ಬಿಡಿಹಲಗೆ ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳನ್ನೂ ಹೊಕ್ಕಿತು. ಇದರ ಸಂಸ್ಕಾರಕವೂ ಸಿಂಪ್ಯೂಟರಿನ ಸ್ಟ್ರಾಂಗ್‌ಆರ್ಮ್ ಕೂಡ ಒಂದೇ 'ಆರ್ಮ್' ವಂಶಕ್ಕೆ ಸೇರಿದವು. ಆ ವಂಶದ ಮೂಲ, ಯಾರ ಗಣಕಯಂತ್ರಗಳಿಗಾಗಿ ಇ-ಸ್ಪೀಕ್ ಹುಟ್ಟಿತೋ ಅದೇ ಏಕಾರ್ನ್ ಕಂಪನಿ. ಸಿಂಪ್ಯೂಟರಿಗೆ ದೊರಕದೆ ಹೋದ ಅನುಕೂಲ ಇದಕ್ಕೆ ದೊರಕಿತು: ತಯಾರಿಕೆಯ ಸಂಖ್ಯೆ ದೊಡ್ಡದಾಯಿತು, ಬೆಲೆ ಕೈಗೆಟುಕುವಂತಾಯಿತು.

ಹಳೆಯ ಸ್ಮಾರ್ಟ್‌ಫೋನು ಇದೇ ಕೆಲಸ ಮಾಡಲಾರದೇ ಎಂಬ ಪ್ರಶ್ನೆ ಸಹಜ. ಖಂಡಿತವಾಗಿ ಮಾಡಬಲ್ಲದು. ಫೋನಿನಲ್ಲಿ ಕನ್ನಡ ಧ್ವನಿ ಸೌಲಭ್ಯವಿದೆ. ಬೆರಳೆಣಿಕೆಯ ಬಳಕೆಗೆ ಹೊಸದನ್ನು ಕೊಳ್ಳುವ ಅಗತ್ಯವೂ ಇಲ್ಲ. ಆದರೆ ದಿನವಿಡೀ ಒಂದೇ ಕೆಲಸಕ್ಕೆ ನಿಲ್ಲುವ, ನಡುವೆ ಕರೆ ಬಾರದ, ತಕ್ಕಡಿಗೆ ತಂತಿಯಿಂದ ನೇರವಾಗಿ ಜೋಡಿಸಬಹುದಾದ, ಅಂತರಜಾಲ ಕಡಿದರೂ ನುಡಿಯುವ ವ್ಯವಸ್ಥೆ ಬೇಕಾದಲ್ಲಿ ಪುಟ್ಟ ಗಣಕಯಂತ್ರವೇ ಸೂಕ್ತ.

ಧ್ವನಿ ಹೊರಡದಿದ್ದಾಗ

ತಂತ್ರಾಂಶ ಅಳವಡಿಸುವುದು ಕಷ್ಟವಲ್ಲ. ಲಿನಕ್ಸ್ ಇರುವ ಯಂತ್ರಕ್ಕೆ ಇ-ಸ್ಪೀಕ್ ಎನ್‌ಜಿಯನ್ನು ಸೇರಿಸಿ, ಭಾಷೆಯ ಸಂಕೇತವಾಗಿ ಕನ್ನಡದ ಎರಡಕ್ಷರದ ಗುರುತನ್ನು ಕೊಟ್ಟರೆ ಸಾಕು. ಬಹುಮಂದಿ ಸೋತು ಕೈಬಿಡುವುದು ಅದರ ಮುಂದಿನ ಹಂತದಲ್ಲಿ: ತಂತ್ರಾಂಶ ಓಡುತ್ತದೆ, ದೋಷ ತೋರುವುದಿಲ್ಲ, ಆದರೆ ಸದ್ದೇ ಇಲ್ಲ. ಇಂತಹ ಸಂದರ್ಭದಲ್ಲಿ ಕ್ರಮವಾಗಿ ಪರಿಶೀಲಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದಾಗಿ, ಯಂತ್ರಕ್ಕೆ ಧ್ವನಿಯ ಕಿಂಡಿ ಇದೆಯೇ ಎಂದು ನೋಡಬೇಕು. ಪೈ 3 ಮತ್ತು 4ನೇ ಪೀಳಿಗೆಯ ಪ್ರಮುಖ ಮಾದರಿಗಳಲ್ಲಿ ಕಿವಿಯಂತ್ರದ ಕಿಂಡಿ ಇದೆ. ಅಗ್ಗದ 'ಝೀರೋ' ಮಾದರಿಗಳಲ್ಲಿಯೂ 2023ರಲ್ಲಿ ಬಂದ ಪೈ 5ರಲ್ಲಿಯೂ ಇಲ್ಲ. ಕಿಂಡಿ ಇಲ್ಲದ ಯಂತ್ರಕ್ಕೆ ಯುಎಸ್‌ಬಿ ಧ್ವನಿಪಟ್ಟಿಯೊಂದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಕೊಳ್ಳುವ ಮೊದಲೇ ಈ ವೆಚ್ಚವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಎರಡನೆಯದಾಗಿ, ಧ್ವನಿ ಎತ್ತ ಹೋಗುತ್ತಿದೆ ಎಂಬುದನ್ನು ತಿಳಿಯಬೇಕು. ಎಚ್‌ಡಿಎಂಐ ತಂತಿಯಲ್ಲಿ ಪರದೆ ಜೋಡಿಸಿದ್ದರೆ ಧ್ವನಿ ಆ ಪರದೆಯತ್ತ ಹರಿದು, ಪಕ್ಕದ ಸ್ಪೀಕರು ಮೌನವಾಗಿರಬಹುದು. ವ್ಯವಸ್ಥೆಯ ಆಯ್ಕೆಗಳಲ್ಲಿ ಧ್ವನಿಯ ದಾರಿಯನ್ನು ಬದಲಿಸಬೇಕು. ಧ್ವನಿಮಟ್ಟ ಶೂನ್ಯದಲ್ಲಿಲ್ಲವೆಂಬುದನ್ನೂ ಖಾತರಿಪಡಿಸಿಕೊಳ್ಳಬೇಕು.

ಮೂರನೆಯದಾಗಿ, ದೋಷ ಎಲ್ಲಿದೆ ಎಂದು ಬೇರ್ಪಡಿಸಬೇಕು. ಮೊದಲು ಸಿದ್ಧ ಧ್ವನಿಕಡತವೊಂದನ್ನು ನುಡಿಸಿ ನೋಡುವುದು. ಅದೂ ಕೇಳದಿದ್ದರೆ ದೋಷ ತಂತಿ, ಸ್ಪೀಕರು ಅಥವಾ ಆಯ್ಕೆಯಲ್ಲಿದೆ. ಅದು ಕೇಳಿಸಿ ಮಾತು ಕೇಳದಿದ್ದರೆ ದೋಷ ತಂತ್ರಾಂಶದಲ್ಲಿದೆ. ಲೆಕ್ಕ ತಾಳೆಯಾಗದಾಗ ಒಂದೊಂದೇ ಖಾತೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುವಂತೆಯೇ ಇದು.

ನಾಲ್ಕನೆಯದಾಗಿ, ಕೈಯಿಂದ ಓಡಿಸಿದಾಗ ನುಡಿಯುವ ಯಂತ್ರ ಬೆಳಿಗ್ಗೆ ತಾನಾಗಿಯೇ ಚಾಲೂ ಆದಾಗ ಮೌನವಾಗಿರುವುದುಂಟು. ಧ್ವನಿ ವ್ಯವಸ್ಥೆ ಸಿದ್ಧವಾಗುವ ಮೊದಲೇ ತಂತ್ರಾಂಶ ಆರಂಭವಾಗಿರಬಹುದು, ಅಥವಾ ಅದನ್ನು ಓಡಿಸುವ ಬಳಕೆದಾರನಿಗೆ ಧ್ವನಿಯ ಅನುಮತಿ ಇಲ್ಲದಿರಬಹುದು. ಅನುಮತಿ ನೀಡಿ, ಆರಂಭವನ್ನು ಕೆಲವು ಸೆಕೆಂಡು ತಡಮಾಡಿದರೆ ಸರಿಹೋಗುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕೆಲವು ಸ್ಪೀಕರುಗಳು, ವಿಶೇಷವಾಗಿ ಬ್ಲೂಟೂತ್ ಹಾಗೂ ಎಚ್‌ಡಿಎಂಐ ಮೂಲಕ ಜೋಡಿಸಿದವು, ಸದ್ದಿಲ್ಲದಾಗ ನಿದ್ರೆಗೆ ಜಾರುತ್ತವೆ. ಮಾತು ಬಂದಾಗ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗಿರುತ್ತದೆ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಇರುವ ವ್ಯತ್ಯಾಸ ಆ ಮೊದಲ ಅಕ್ಷರದಲ್ಲೇ ಇದೆ ಎಂಬುದನ್ನು ಮರೆಯಬಾರದು. ಆದುದರಿಂದ ಪ್ರತಿ ಘೋಷಣೆಗೆ ಮೊದಲು ಪುಟ್ಟ ಗಂಟೆಯ ಸದ್ದೊಂದನ್ನು ನುಡಿಸಬೇಕು. ರೈಲು ನಿಲ್ದಾಣದ ಘೋಷಣೆಗೆ ಮುನ್ನ ಕೇಳಿಬರುವ ಸದ್ದಿನಂತೆ ಅದು ಜನರ ಕಿವಿಯನ್ನೂ ಸ್ಪೀಕರನ್ನೂ ಎಚ್ಚರಿಸುತ್ತದೆ.

ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರು ಕೊಡಬಲ್ಲ ಅಡಾಪ್ಟರು ಬೇಕು. ಮೊಬೈಲಿನ ಹಳೆಯ ಚಾರ್ಜರನ್ನು ಸಿಕ್ಕಿಸಿದರೆ ಯಂತ್ರ ಆಗಾಗ್ಗೆ ನಿಂತುಹೋಗುತ್ತದೆ. ಹಠಾತ್ತನೆ ಕರೆಂಟು ಹೋದಾಗ ಮೆಮೊರಿ ಕಾರ್ಡಿನ ಕಡತಗಳು ಕೆಡುವ ಸಂಭವವೂ ಇದೆ. ಕಾರ್ಡಿಗೆ ಬರೆಯದೆ ಓದಲು ಮಾತ್ರ ಅವಕಾಶವಿರುವಂತೆ ವ್ಯವಸ್ಥೆ ಮಾಡುವುದು, ಸಿದ್ಧಗೊಂಡ ಕಾರ್ಡಿನ ಪ್ರತಿಯೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟಿರುವುದು, ಇವೆರಡೂ ಖರ್ಚಿಲ್ಲದ ವಿಮೆಗಳು.

ತಕ್ಕಡಿಗೆ ಜೋಡಿಸುವಾಗ

ಅನೇಕ ವಿದ್ಯುನ್ಮಾನ ತಕ್ಕಡಿಗಳ ಹಿಂಬದಿಯಲ್ಲಿ ಮುದ್ರಕ ಅಥವಾ ಗಣಕಯಂತ್ರಕ್ಕೆ ತೂಕವನ್ನು ಕಳಿಸುವ ಆರ್‌ಎಸ್-232 ಕಿಂಡಿ ಇರುತ್ತದೆ. ಅದನ್ನು ಯುಎಸ್‌ಬಿಗೆ ಪರಿವರ್ತಿಸುವ ತಂತಿಯ ಮೂಲಕ ಪುಟ್ಟ ಗಣಕಯಂತ್ರಕ್ಕೆ ಜೋಡಿಸಿದರೆ ತೂಕವು ಸಂಖ್ಯೆಯಾಗಿ ಬಂದು ಸೇರುತ್ತದೆ. ತೂಕ ಸ್ಥಿರವಾದ ಬಳಿಕ ಮಾತ್ರ ನುಡಿಯುವಂತೆ ನಿಯಮ ಹಾಕಬೇಕು. ಇಲ್ಲದಿದ್ದರೆ ಓಲಾಡುವ ಪ್ರತಿ ಅಂಕಿಯನ್ನೂ ಯಂತ್ರ ಕೂಗತೊಡಗುತ್ತದೆ.

ಇಲ್ಲಿ ಕಾನೂನಿನ ಎಲ್ಲೆಯನ್ನು ಅರಿತಿರಬೇಕು. 2009ರ ಕಾನೂನು ಮಾಪನ ಅಧಿನಿಯಮದಂತೆ ವ್ಯಾಪಾರಕ್ಕೆ ಬಳಸುವ ತಕ್ಕಡಿ ಪರಿಶೀಲನೆಗೊಂಡು ಮುದ್ರೆ ಪಡೆದಿರಬೇಕು. ಧ್ವನಿ ಜೋಡಣೆಯ ನೆಪದಲ್ಲಿ ತಕ್ಕಡಿಯ ಮೊಹರನ್ನು ಒಡೆಯುವುದಾಗಲಿ, ಒಳಭಾಗವನ್ನು ಬದಲಿಸುವುದಾಗಲಿ ಸಲ್ಲದು. ಹೊರಗಿನ ಕಿಂಡಿಯಿಂದ ಬರುವ ಮಾಹಿತಿಯನ್ನು ಮಾತ್ರ ಬಳಸಬೇಕು. ತಕ್ಕಡಿಯ ಪರದೆಯ ಮೇಲೆ ಕಾಣುವ ತೂಕವೇ ಪ್ರಮಾಣ, ಧ್ವನಿ ಕೇವಲ ಅದರ ವಾಚನ ಎಂಬ ಫಲಕವನ್ನು ಮೇಜಿನ ಬಳಿ ಹಾಕಿದರೆ ಒಳಿತು.

ಲೆಕ್ಕಪತ್ರದ ದೃಷ್ಟಿಯಿಂದ

ಯಂತ್ರ, ಕಾರ್ಡು, ಅಡಾಪ್ಟರು, ಸ್ಪೀಕರು, ತಂತಿಗಳ ದರಗಳು ಮಾದರಿಗೆ ತಕ್ಕಂತೆ ಬದಲಾಗುವುದರಿಂದ ಕನಿಷ್ಠ ಎರಡು ಕಡೆ ಕೊಟೇಷನ್ ಪಡೆಯುವುದು ಸೂಕ್ತ. ಉದಾಹರಣೆಗಾಗಿ ಒಟ್ಟು ವೆಚ್ಚ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಗಣಕಯಂತ್ರಗಳ ಮೇಲಿನ ಸವಕಳಿ ದರವನ್ನು 2017-18ರ ಆರ್ಥಿಕ ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು. ಶೇ. 40ರಂತೆ ಮೊದಲ ವರ್ಷ 3,200 ರೂಪಾಯಿ, ಉಳಿದ 4,800ರ ಮೇಲೆ ಎರಡನೆಯ ವರ್ಷ 1,920 ರೂಪಾಯಿ ಸವಕಳಿ ಬರುತ್ತದೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ಮಾತ್ರ, ಅಂದರೆ 1,600 ರೂಪಾಯಿ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಇದನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಜಿಎಸ್‌ಟಿಯಲ್ಲಿ ರಾಜಿ ತೆರಿಗೆ ಆಯ್ದುಕೊಂಡವರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಇತರ ನೋಂದಾಯಿತರು ತಮ್ಮ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲನ್ನೇ ಪಡೆಯಬೇಕು.

ತಂತ್ರಾಂಶಕ್ಕೆ ಹಣವಿಲ್ಲ. ಆದರೆ ಹಣವಿಲ್ಲವೆಂದ ಮಾತ್ರಕ್ಕೆ ಷರತ್ತಿಲ್ಲವೆಂದಲ್ಲ. ಇ-ಸ್ಪೀಕ್ ಎನ್‌ಜಿ 'ಜಿಪಿಎಲ್' ಪರವಾನಗಿಯಡಿ ಇದೆ. ಸ್ವಂತ ಅಂಗಡಿಯಲ್ಲಿ ಬಳಸುವವರಿಗೆ ಇದರಿಂದ ತೊಂದರೆಯಿಲ್ಲ. ಮಾತನಾಡುವ ತಕ್ಕಡಿಯನ್ನೋ ಟೋಕನ್ ಯಂತ್ರವನ್ನೋ ತಯಾರಿಸಿ ಮಾರಲು ಹೊರಡುವ ಸಣ್ಣ ಉದ್ಯಮಿ ಮಾತ್ರ ಈ ತಂತ್ರಾಂಶದ ಮೂಲ ಸಂಕೇತವನ್ನೂ, ತಾನು ಅದರಲ್ಲಿ ಮಾಡಿದ ಬದಲಾವಣೆಗಳನ್ನೂ ಗ್ರಾಹಕನಿಗೆ ಒದಗಿಸಬೇಕಾಗುತ್ತದೆ. ಇದನ್ನು ಮೊದಲೇ ತಿಳಿದು ಬೆಲೆ ನಿಗದಿ ಮಾಡಬೇಕು. ಸ್ವಂತ ಧ್ವನಿಮುದ್ರಣದ 126 ತುಣುಕುಗಳ ದಾರಿ ಹಿಡಿದವರಿಗೆ ಈ ಪ್ರಶ್ನೆ ಬರುವುದಿಲ್ಲ.

ಮೇಲ್ಕಂಡ ಲೆಕ್ಕವನ್ನೂ ಹಿಂದಿನ ಉದಾಹರಣೆಯನ್ನೂ ಒಟ್ಟಿಗಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 4,000 ರೂಪಾಯಿಯ ಎರಡು ವ್ಯಾಜ್ಯಗಳನ್ನು ತಪ್ಪಿಸಿದರೆ ಯಂತ್ರದ ವೆಚ್ಚ ತೀರುತ್ತದೆ. ತೂಕದ ಬಗ್ಗೆ ನಂಬಿಕೆ ಹುಟ್ಟಿ ಮರಳಿ ಬರುವ ಬೆಳೆಗಾರನ ಮೌಲ್ಯವನ್ನು ಯಾವ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ತೋರಿಸಲಾಗದು. ಆದರೆ ವ್ಯಾಪಾರ ನಿಂತಿರುವುದು ಅದರ ಮೇಲೆಯೇ.

ಉಳಿದಿರುವ ಕೆಲಸ

ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಬಿಡಿ ವರ್ತಕನಿಗೆ ಸಾಧ್ಯವಾಗದ್ದನ್ನು ಕೂಡಿ ಸಾಧಿಸಬೇಕೆಂಬುದೇ ಅಂತಹ ಸಂಘಟನೆಯ ತಿರುಳು. ಮಾತನಾಡುವ ಯಂತ್ರದ ವಿಷಯದಲ್ಲಿಯೂ ಅದೇ ದಾರಿ ಉಚಿತ. ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಪರದಾಡುವ ಬದಲು, ಒಂದು ಮಂಡಿಯ ವರ್ತಕರು ಸೇರಿ ಸ್ಥಳೀಯ ಪಾಲಿಟೆಕ್ನಿಕ್ ಅಥವಾ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಯೋಜನಾ ಕಾರ್ಯವಾಗಿ ಇದನ್ನು ಒಪ್ಪಿಸಬಹುದು. ಒಂದು ಕಾರ್ಡು ಸಿದ್ಧವಾದರೆ ಅದರ ಪ್ರತಿಗಳು ಎಲ್ಲರಿಗೂ ಆಗುತ್ತವೆ.

ಸಿಂಪ್ಯೂಟರಿನ ಇತಿಹಾಸ ಕಲಿಸುವ ಪಾಠ ಒಂದೇ. ಯಂತ್ರ ಅಗ್ಗವಾಗಿದ್ದರೆ ಸಾಲದು, ಅದು ಒಬ್ಬರ ನಿಜವಾದ ತೊಂದರೆಯೊಂದನ್ನು ಪರಿಹರಿಸಬೇಕು. ಆದುದರಿಂದ ಒಂದು ಮೇಜು, ಒಂದು ತಕ್ಕಡಿ, ಒಂದು ಸ್ಪೀಕರಿನಿಂದ ಆರಂಭಿಸುವುದು ಕ್ಷೇಮ. ತಿಂಗಳೊಂದು ನಡೆಸಿ, ಕೇಳುವವರಿಗೆ ಅಂಕಿ ಸರಿಯಾಗಿ ಕೇಳಿತೇ ಎಂದು ವಿಚಾರಿಸಿ, ತಿದ್ದಿಕೊಂಡು ಮುಂದುವರಿಯಬೇಕು. ತನ್ನ ಗೂಡಿನ ತೂಕವನ್ನು ಯಾರನ್ನೂ ಕೇಳದೆ ತನ್ನ ಕಿವಿಯಿಂದಲೇ ಕೇಳಿ, ತಲೆಯಾಡಿಸಿ ಮುಂದೆ ಹೋಗುವ ಬೆಳೆಗಾರನೇ ಈ ವ್ಯವಸ್ಥೆಯ ಕೊನೆಯ ಪರೀಕ್ಷಕ.